ಸ್ಟೀರಿಂಗ್ ಚಕ್ರ: ಕಾರಿನ ಒಳಾಂಗಣಕ್ಕೆ ಒಪ್ಪುವ ಮರುರೂಪಣೆ

ಕಾರ್ಖಾನೆಯಿಂದ ಬಂದ ಸ್ಟೀರಿಂಗ್ ಚಕ್ರದ ಹೊದಿಕೆ, ಬಣ್ಣ, ಹೊಲಿಗೆ, ದಪ್ಪ ಅಥವಾ ಬಿಡಿಭಾಗಗಳನ್ನು ಕಾರಿನ ಸೀಟು, ಡ್ಯಾಶ್‌ಬೋರ್ಡ್, ಬಾಗಿಲಿನ ಒಳಹಲಗೆ ಮತ್ತು ಗೇರ್ ಹಿಡಿಗಳಿಗೆ ಒಪ್ಪುವಂತೆ ಬದಲಾಯಿಸುವ ಕೆಲಸಕ್ಕೆ ಸ್ಟೀರಿಂಗ್ ಚಕ್ರದ ಮರುರೂಪಣೆ ಎಂದು ಹೆಸರು. ಕಾರು ಓಡಿಸುವವನ ಕಣ್ಣೆದುರಿಗೆ ಸದಾ ಇರುವ ವಸ್ತುವೂ ಪ್ರಯಾಣದುದ್ದಕ್ಕೂ ಅವನ ಅಂಗೈಗೆ ತಾಗಿಕೊಂಡಿರುವ ವಸ್ತುವೂ ಇದೊಂದೇ ಆಗಿರುವುದರಿಂದ, ಒಳಾಂಗಣದ ಅಂದವನ್ನು ಇದು ಎತ್ತಿಹಿಡಿಯಲೂಬಹುದು, ಕೆಡಿಸಲೂಬಹುದು. ಆದರೆ ಇದೇ ಚಕ್ರ ವಾಹನವನ್ನು ತಿರುಗಿಸುವ ಸಾಧನವೂ ಅಪಘಾತದ ಹೊತ್ತಿನಲ್ಲಿ ಚಾಲಕನ ಎದೆ ಮತ್ತು ತಲೆಯನ್ನು ಕಾಯುವ ಸಾಧನವೂ ಆಗಿದೆ. ಆದ್ದರಿಂದ ಈ ಕಸಬಿನಲ್ಲಿ ಸೌಂದರ್ಯದ ಪ್ರಶ್ನೆಯನ್ನು ಸುರಕ್ಷತೆಯ ಪ್ರಶ್ನೆಯಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ.

ಚಕ್ರದ ರಚನೆ

ಇಂದಿನ ಸ್ಟೀರಿಂಗ್ ಚಕ್ರದಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ: ಕೈಯಲ್ಲಿ ಹಿಡಿಯುವ ಹೊರಬಳೆ, ಅದನ್ನು ನಡುವಿಗೆ ಜೋಡಿಸುವ ಕಡ್ಡಿಗಳು, ಮತ್ತು ಸ್ಟೀರಿಂಗ್ ದಂಡದ ಮೇಲೆ ಕೂರುವ ನಡುಭಾಗ ಅಥವಾ ಹಬ್. ಮೂರಕ್ಕೂ ಒಳಗೆ ಅಲ್ಯೂಮಿನಿಯಮ್ ಅಥವಾ ಮೆಗ್ನೀಸಿಯಮ್ ಮಿಶ್ರಲೋಹದ ಎರಕದ ಅಥವಾ ಉಕ್ಕಿನ ಅಸ್ಥಿಪಂಜರವೊಂದು ಇರುತ್ತದೆ. ಅದರ ಸುತ್ತ ಪಾಲಿಯುರೆಥೇನ್ ಫೋಮ್ ಅಚ್ಚು ಹೊಯ್ದಿರುತ್ತದೆ. ದುಬಾರಿ ಮಾದರಿಗಳಲ್ಲಿ ಈ ಫೋಮಿನ ಮೇಲೆ ಚರ್ಮದ ಹೊದಿಕೆ ಬರುತ್ತದೆ, ಅಗ್ಗದ ಮಾದರಿಗಳಲ್ಲಿ ಫೋಮಿನ ಹೊರಮೈಯೇ ಚಾಲಕನ ಕೈಗೆ ತಾಗುತ್ತದೆ. ನಡುಭಾಗದಲ್ಲಿ ಮಡಿಸಿಟ್ಟ ಏರ್‌ಬ್ಯಾಗ್ ಮತ್ತು ಅದನ್ನು ಉಬ್ಬಿಸುವ ಅನಿಲೋತ್ಪಾದಕ ಇರುತ್ತವೆ. ಏರ್‌ಬ್ಯಾಗ್, ಹಾರ್ನ್ ಮತ್ತು ಗುಂಡಿಗಳ ವಿದ್ಯುತ್ ಸಂಪರ್ಕವು ಚಕ್ರ ಎರಡೂ ಬದಿಗೆ ಪೂರ್ತಿ ತಿರುಗಿದರೂ ಕಡಿಯದಂತೆ ಅದರ ಹಿಂಬದಿಯಲ್ಲಿ ಸುರುಳಿ ಸುತ್ತಿದ ಪಟ್ಟಿ ತಂತಿಯೊಂದನ್ನು ಇಟ್ಟಿರುತ್ತಾರೆ. ಇದಕ್ಕೆ ಕ್ಲಾಕ್ ಸ್ಪ್ರಿಂಗ್ ಎಂದು ಹೆಸರು. ಮರುರೂಪಣೆಯಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಚನೆ ಈ ರಚನೆಯ ತಿಳಿವಳಿಕೆಯಿಂದಲೇ ಹುಟ್ಟಬೇಕಾಗುತ್ತದೆ.

ಇತಿಹಾಸ

ಮೊದಲ ಮೋಟಾರು ವಾಹನಗಳಿಗೆ ಸ್ಟೀರಿಂಗ್ ಚಕ್ರವಿರಲಿಲ್ಲ. ದೋಣಿಯ ಚುಕ್ಕಾಣಿಯಂತೆ ಒಂದು ಹಿಡಿಗೋಲನ್ನು ಅತ್ತಿತ್ತ ತಳ್ಳಿ ಅವುಗಳನ್ನು ತಿರುಗಿಸುತ್ತಿದ್ದರು. 1894ರಲ್ಲಿ ಪ್ಯಾರಿಸ್‌ನಿಂದ ರುವಾನ್‌ವರೆಗೆ ನಡೆದ ಸ್ಪರ್ಧೆಯಲ್ಲಿ ಆಲ್ಫ್ರೆಡ್ ವಾಷೆರೋನ್ ತನ್ನ ಪಾನಾರ್ ಕಾರಿಗೆ ಚಕ್ರವನ್ನು ಅಳವಡಿಸಿದ್ದನು. 1898ರ ಹೊತ್ತಿಗೆ ಪಾನಾರ್ ಎ ಲೆವಾಸೋರ್ ಸಂಸ್ಥೆ ತನ್ನ ಕಾರುಗಳಿಗೆಲ್ಲ ಚಕ್ರವನ್ನೇ ಕೊಡತೊಡಗಿತು. ಮೊದಮೊದಲು ಮರದ ಬಳೆಗಳು ಬಳಕೆಯಲ್ಲಿದ್ದವು. ಬಳಿಕ ಗಡಸು ರಬ್ಬರು ಬಂದಿತು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ದಂತದ ಬಣ್ಣದ ಪ್ಲಾಸ್ಟಿಕ್ ಚಕ್ರಗಳು ಅಮೆರಿಕದ ಕಾರುಗಳಲ್ಲಿ ಜನಪ್ರಿಯವಾದವು. ಡ್ಯಾಶ್‌ಬೋರ್ಡಿನ ಬಣ್ಣ ಮತ್ತು ಕ್ರೋಮ್ ಪಟ್ಟಿಗಳಿಗೆ ಹೊಂದುವಂತೆ ಚಕ್ರವನ್ನೂ ರೂಪಿಸುವ ಪರಿಪಾಠವನ್ನು ಕಾರ್ಖಾನೆಗಳೇ ಆ ಕಾಲದಲ್ಲಿ ಬೆಳೆಸಿದವು.

ಕೊಂಡ ಮೇಲೆ ಚಕ್ರವನ್ನು ಬದಲಿಸುವ ಅಭಿರುಚಿಗೆ ಇಟಲಿಯ ಕಸಬುದಾರಿಕೆ ದೊಡ್ಡ ಪ್ರೇರಣೆಯಾಯಿತು. 1950ರ ದಶಕದ ಆರಂಭದಲ್ಲಿ ಟ್ಯೂರಿನ್ ನಗರದ ಎನ್ರಿಕೊ ನಾರ್ಡಿ ಅಲ್ಯೂಮಿನಿಯಮ್ ಚೌಕಟ್ಟಿಗೆ ಮರದ ಬಳೆಯನ್ನು ಕೂಡಿಸಿ ತಯಾರಿಸಿದ ಚಕ್ರಗಳು ಕ್ರೀಡಾ ಕಾರುಗಳ ಗುರುತೇ ಆಗಿಬಿಟ್ಟವು. 1964ರಲ್ಲಿ ಫೆರಾರಿ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವಪ್ರಶಸ್ತಿ ಗೆದ್ದ ಜಾನ್ ಸರ್ಟೀಸ್ ಜಾನ್‌ಪಿಯೆರೊ ಮೊರೆಟ್ಟಿ ರೂಪಿಸಿದ ದಪ್ಪ ಹಿಡಿಯ ಚಕ್ರವನ್ನು ಬಳಸಿದ್ದರಿಂದ, ಮೊರೆಟ್ಟಿಯ ಮೋಮೋ ಸಂಸ್ಥೆಗೆ ಹೆಸರು ಬಂದಿತು; ತೆಳು ಬಳೆಗಿಂತ ದಪ್ಪ ಬಳೆ ಅಂಗೈಯಲ್ಲಿ ಚೆನ್ನಾಗಿ ಕೂರುತ್ತದೆ ಎಂಬ ಅರಿವೂ ಹರಡಿತು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂದ ಪವರ್ ಸ್ಟೀರಿಂಗ್, ಅಂದರೆ ತಿರುಗಿಸುವ ಬಲದ ಬಹುಪಾಲನ್ನು ಯಂತ್ರವೇ ಒದಗಿಸುವ ವ್ಯವಸ್ಥೆ, ಮುಂದೆ ಸಾರ್ವತ್ರಿಕವಾದಂತೆಲ್ಲ ಚಕ್ರದ ವ್ಯಾಸ ಕಿರಿದಾಗುತ್ತ ಬಂದಿತು.

ಚಾಲಕನ ಎದೆಗೆ ಚುಚ್ಚದೆ ಕುಸಿಯುವ ಸ್ಟೀರಿಂಗ್ ದಂಡ 1960ರ ದಶಕದಲ್ಲಿಯೂ ಏರ್‌ಬ್ಯಾಗ್ ಅದರ ಬಳಿಕವೂ ಬಂದು ಚಕ್ರದ ಸ್ವರೂಪವನ್ನೇ ಬದಲಿಸಿದವು. 1981ರಲ್ಲಿ ಮರ್ಸಿಡಿಸ್-ಬೆಂಜ್ ತನ್ನ ಎಸ್-ಕ್ಲಾಸ್ ಕಾರಿನ ಚಕ್ರದಲ್ಲಿ ಏರ್‌ಬ್ಯಾಗನ್ನು ಅಳವಡಿಸಿತು. ಮುಂದೆ ಬಹುತೇಕ ದೇಶಗಳಲ್ಲಿ ಅದು ರೂಢಿಗೆ ಬಂದಿತು. ಅಲ್ಲಿಯವರೆಗೆ ಚಕ್ರವನ್ನು ಇಡಿಯಾಗಿ ತೆಗೆದು ಬೇರೊಂದನ್ನು ಕೂರಿಸುವುದೇ ಮರುರೂಪಣೆಯ ಮುಖ್ಯ ಮಾರ್ಗವಾಗಿತ್ತು. ಏರ್‌ಬ್ಯಾಗ್ ಬಂದ ಮೇಲೆ ಮೂಲ ಚಕ್ರವನ್ನು ಉಳಿಸಿಕೊಂಡು ಅದರ ಹೊದಿಕೆಯನ್ನು ಮಾತ್ರ ಬದಲಿಸುವ ಕಲೆ ಮುನ್ನೆಲೆಗೆ ಬಂದಿತು.

ವಸ್ತುಗಳು

ಹೊದಿಕೆಗೆ ಬಳಸುವ ವಸ್ತುಗಳಲ್ಲಿ ಚರ್ಮಕ್ಕೆ ಮೊದಲ ಸ್ಥಾನ. ಕ್ರೋಮಿಯಮ್ ಲವಣದಿಂದ ಹದ ಮಾಡಿದ, ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪದ ಹಸುವಿನ ಚರ್ಮವು ಹಿಗ್ಗುವ ಗುಣ ಮತ್ತು ಸವೆತ ತಡೆಯುವ ಗುಣ ಎರಡನ್ನೂ ಹೊಂದಿರುವುದರಿಂದ ಈ ಕೆಲಸಕ್ಕೆ ತಕ್ಕುದಾಗಿದೆ. ಮೈ ನುಣುಪಾದ ಮೃದು ಚರ್ಮಕ್ಕೆ ನಪ್ಪಾ ಎಂದು ಹೆಸರು. ಸಣ್ಣ ರಂಧ್ರಗಳನ್ನು ಕೊರೆದ ಚರ್ಮವು ಅಂಗೈಯ ಬೆವರನ್ನು ಹೀರಿ ಹಿಡಿತ ಜಾರದಂತೆ ನೋಡಿಕೊಳ್ಳುತ್ತದೆ. ಆದ್ದರಿಂದ ಕೈಗಳು ಸಾಮಾನ್ಯವಾಗಿ ಕೂರುವ ಎಡಬಲ ಬದಿಗಳಿಗೆ ಇದನ್ನೂ ಮೇಲೆ ಕೆಳಗೆ ನುಣುಪು ಚರ್ಮವನ್ನೂ ಹಾಕುವುದು ವಾಡಿಕೆ. ಮಖಮಲ್ಲಿನಂತೆ ಕಾಣುವ ಅಲ್ಕಾಂತಾರ ಚರ್ಮವಲ್ಲ. ಜಪಾನಿನ ಟೋರೆ ಸಂಸ್ಥೆಯ ವಿಜ್ಞಾನಿ ಮಿಯೋಶಿ ಒಕಾಮೊಟೊ 1970ರಲ್ಲಿ ರೂಪಿಸಿದ, ಪಾಲಿಯೆಸ್ಟರ್ ಎಳೆ ಮತ್ತು ಪಾಲಿಯುರೆಥೇನ್ ಸೇರಿದ, ಇಟಲಿಯಲ್ಲಿ ತಯಾರಾಗುವ ಕೃತಕ ವಸ್ತು. ಹಿಡಿತಕ್ಕೆ ಇದು ಶ್ರೇಷ್ಠವಾದರೂ ಅಂಗೈಯ ಜಿಡ್ಡು ಸೇರಿದಂತೆ ಇದರ ನವಿರು ಕೂದಲು ಅಂಟಿಕೊಂಡು ಮೈ ಹೊಳಪಾಗುತ್ತದೆ, ಪದೇ ಪದೇ ಶುಚಿಗೊಳಿಸಬೇಕಾಗುತ್ತದೆ. ಭಾರತದಲ್ಲಿ ರೆಕ್ಸಿನ್ ಎಂದು ಕರೆಯಲಾಗುವ ಪ್ಲಾಸ್ಟಿಕ್ ಲೇಪಿತ ಬಟ್ಟೆಯು ಅಗ್ಗವಾದ ಬದಲಿ ವಸ್ತು. ನೀರಿಗೆ ಅಂಜದ ಇದು ಬಿಸಿಲಿನಲ್ಲಿ ಬಲುಬೇಗ ಗಡಸಾಗಿ ಬಿರಿಯುತ್ತದೆ.

ಮರದ ಬಳೆಯನ್ನು ಒಂದೇ ತುಂಡಿನಿಂದ ಕೊರೆದರೆ ಎಳೆಯ ದಿಕ್ಕು ಅಡ್ಡಬಂದ ಕಡೆ ಅದು ಸೀಳುತ್ತದೆ. ಆದ್ದರಿಂದ ಹಲವು ತುಂಡುಗಳನ್ನು ಪದರ ಪದರವಾಗಿ ಅಂಟಿಸಿ ಬಳೆಯಾಗಿಸಿ, ಲೋಹದ ಚೌಕಟ್ಟಿನ ಮೇಲೆ ಕೂಡಿಸಿ, ಮೇಲೆ ಗಟ್ಟಿ ವಾರ್ನಿಷ್ ಹಚ್ಚುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಮರದ ಹಲಗೆ ಇರುವ ಕಾರಿಗೆ ಮಾತ್ರ ಮರದ ಬಳೆ ಒಪ್ಪುತ್ತದೆ. ಆಗಲೂ ಎರಡೂ ಮರಗಳ ಬಣ್ಣ, ಎಳೆ ಮತ್ತು ಹೊಳಪು ಸಮನಾಗಿರಬೇಕು. ಇಂಗಾಲದ ನಾರಿನ ಬಟ್ಟೆಯನ್ನು ಇಪಾಕ್ಸಿ ರಾಳದಲ್ಲಿ ತೋಯಿಸಿ ತಯಾರಿಸಿದ ಕಾರ್ಬನ್ ಫೈಬರ್ ಹಗುರವೂ ದೃಢವೂ ಆಗಿದ್ದರೂ, ಅದರ ಹೊಳಪು ಮೈ ಬೆವರಿದ ಕೈಯಲ್ಲಿ ಜಾರುವುದರಿಂದ, ಬಳೆಯ ಮೇಲ್ಭಾಗ ಮತ್ತು ತಳಭಾಗಗಳಿಗೆ ಮಾತ್ರ ಅದನ್ನು ಬಳಸುವುದು ಯೋಗ್ಯ.

ಬಣ್ಣ ಮತ್ತು ಹೊಂದಾಣಿಕೆ

ಒಳಾಂಗಣಕ್ಕೆ ಒಪ್ಪುವುದು ಎಂದರೆ ಸೀಟಿನ ಬಣ್ಣವನ್ನೇ ಚಕ್ರಕ್ಕೂ ಬಳಿಯುವುದು ಎಂದರ್ಥವಲ್ಲ. ಹೊಂದಾಣಿಕೆಯನ್ನು ಮೂರು ರೀತಿಯಲ್ಲಿ ಸಾಧಿಸಬಹುದು. ಮೊದಲನೆಯದು ಸಮವರ್ಣ: ಚಕ್ರ, ಡ್ಯಾಶ್‌ಬೋರ್ಡಿನ ಮೇಲ್ಭಾಗ ಮತ್ತು ಗೇರ್ ಹಿಡಿ ಒಂದೇ ಬಣ್ಣದಲ್ಲಿರುವುದು. ಎರಡನೆಯದು ದ್ವಿವರ್ಣ: ಕೈ ತಾಗುವ ಭಾಗ ಗಾಢವಾಗಿಯೂ ಉಳಿದ ಭಾಗ ಸೀಟಿನ ತಿಳಿಬಣ್ಣದಲ್ಲಿಯೂ ಇರುವುದು. ಮೂರನೆಯದು ದಾರದ ಹೊಂದಾಣಿಕೆ: ಚರ್ಮ ಕಪ್ಪಾಗಿಯೇ ಇದ್ದು, ಹೊಲಿಗೆಯ ದಾರ ಮಾತ್ರ ಸೀಟಿನ ಹೊಲಿಗೆಯ ಅಥವಾ ಒಳಾಂಗಣದ ಅಲಂಕಾರಪಟ್ಟಿಯ ಬಣ್ಣವನ್ನು ಪಡೆಯುವುದು. ಮೂರರಲ್ಲಿ ಕೊನೆಯದು ವೆಚ್ಚ, ಬಾಳಿಕೆ, ಸಂಯಮ ಎಲ್ಲ ದೃಷ್ಟಿಯಿಂದಲೂ ಉತ್ತಮವಾದುದು. ಕಣ್ಣು ಒಂದೇ ಬಣ್ಣದ ಸಣ್ಣ ಗೆರೆಯನ್ನು ಸೀಟಿನಲ್ಲಿಯೂ ಚಕ್ರದಲ್ಲಿಯೂ ಕಂಡಾಗ ಅವೆರಡನ್ನೂ ತಾನಾಗಿಯೇ ಬೆಸೆದುಕೊಳ್ಳುತ್ತದೆ.

ಬಣ್ಣಕ್ಕಿಂತ ಸೂಕ್ಷ್ಮವಾದುದು ಹೊಳಪು. ಬಣ್ಣ ಒಂದೇ ಆಗಿದ್ದರೂ ಸೀಟಿನ ಚರ್ಮ ಮಂಕಾಗಿದ್ದು ಚಕ್ರದ ಚರ್ಮ ಮಿರುಗಿದರೆ ಎರಡೂ ಬೇರೆ ಬೇರೆ ಎಂಬುದು ಒಡನೆಯೇ ಎದ್ದು ಕಾಣುತ್ತದೆ. ಹೊಳೆಯುವ ಮೈ ಬಿಸಿಲನ್ನು ಚಾಲಕನ ಕಣ್ಣಿಗೆ ಎರಚುವ ಅಪಾಯವೂ ಇದೆ. ಪಿಯಾನೊ ಬ್ಲ್ಯಾಕ್ ಎಂದು ಕರೆಯುವ ಕನ್ನಡಿಯಂತೆ ಹೊಳೆಯುವ ಕಪ್ಪು ಕಡ್ಡಿಪಟ್ಟಿಗಳಲ್ಲಿ ಈ ದೋಷದ ಜೊತೆಗೆ ಬೆರಳಿನ ಗುರುತು ಮತ್ತು ಗೀರುಗಳೂ ಬೇಗ ಕಾಣಿಸಿಕೊಳ್ಳುತ್ತವೆ. ಭಾರತದ ಅನೇಕ ಕಾರುಗಳ ಒಳಾಂಗಣ ಬೀಜ್ ಎಂಬ ತಿಳಿಮಣ್ಣಿನ ಬಣ್ಣದಲ್ಲಿರುವುದರಿಂದ ಚಕ್ರಕ್ಕೂ ಅದೇ ಬಣ್ಣದ ಹೊದಿಕೆ ಬೇಕೆಂದು ಹಂಬಲಿಸುವವರಿದ್ದಾರೆ; ಆದರೆ ಕೈಯ ಕೊಳೆ ದಿನವೂ ತಾಗುವ ಬಳೆಯಲ್ಲಿ ತಿಳಿಬಣ್ಣ ಕೆಲವೇ ತಿಂಗಳಲ್ಲಿ ಕಂದುತ್ತದೆ. ಇಂಥ ಕಾರಿಗೆ ಗಾಢ ಕಂದು ಅಥವಾ ಕಪ್ಪು ಬಳೆಗೆ ಬೀಜ್ ದಾರದ ಹೊಲಿಗೆ ಹಾಕಿಸುವುದು ಬಾಳಿಕೆ ಬರುವ ಪರಿಹಾರ.

ಮರುರೂಪಣೆಯ ವಿಧಾನಗಳು

ಅತ್ಯಂತ ಸರಳ ವಿಧಾನವೆಂದರೆ ಸಿದ್ಧ ಕವರ್ ಹಾಕುವುದು. ಸ್ಥಿತಿಸ್ಥಾಪಕ ಬಳೆಯುಳ್ಳ ಕವರನ್ನು ಚಕ್ರಕ್ಕೆ ಎಳೆದು ತೊಡಿಸುತ್ತಾರೆ. ಅಳತೆ ಸರಿಯಾಗಿಲ್ಲದಿದ್ದರೆ ತಿರುವಿನಲ್ಲಿ ಕವರ್ ಮಾತ್ರ ಜಾರಿ ಚಕ್ರ ನಿಂತಲ್ಲೇ ನಿಲ್ಲುವುದರಿಂದ, ಸಡಿಲವಾದ ಕವರ್ ಎಷ್ಟೇ ಅಂದವಾಗಿದ್ದರೂ ಅಪಾಯಕಾರಿ. ಚಕ್ರಕ್ಕೆ ಸುತ್ತಿ ದಾರದಿಂದ ಹೊಲಿದು ಬಿಗಿಯುವ ಕವರ್ ಇದಕ್ಕಿಂತ ಮೇಲು.

ಎರಡನೆಯದು, ಈ ಕಸಬಿನ ತಿರುಳಾದ, ಚರ್ಮದ ಮರುಹೊದಿಕೆ. ಇದರಲ್ಲಿ ಮೊದಲು ಬ್ಯಾಟರಿಯ ಸಂಪರ್ಕವನ್ನು ಬಿಚ್ಚಿ, ಏರ್‌ಬ್ಯಾಗಿನ ನಿಯಂತ್ರಕದಲ್ಲಿ ಉಳಿದ ವಿದ್ಯುತ್ತು ಇಳಿದುಹೋಗುವವರೆಗೆ ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಏರ್‌ಬ್ಯಾಗನ್ನು ತೆಗೆದು ಅದರ ಮುಖ ಮೇಲ್ಮುಖವಾಗಿರುವಂತೆ ಇಡಬೇಕು. ಮುಂದಿನ ಗಾಲಿಗಳನ್ನು ನೇರವಾಗಿಟ್ಟು, ದಂಡ ಮತ್ತು ಚಕ್ರ ಸೇರುವಲ್ಲಿ ಗುರುತು ಮಾಡಿ, ನಡುವಿನ ನಟ್ಟು ಅಥವಾ ಬೋಲ್ಟನ್ನು ಬಿಚ್ಚಿ ಚಕ್ರವನ್ನು ಹೊರತೆಗೆಯುತ್ತಾರೆ. ಕ್ಲಾಕ್ ಸ್ಪ್ರಿಂಗ್ ತನ್ನ ನಡುಸ್ಥಾನದಿಂದ ತಿರುಗದಂತೆ ಅದನ್ನು ಟೇಪಿನಿಂದ ಬಂಧಿಸುವುದು ಅಗತ್ಯ, ಏಕೆಂದರೆ ನಡುಸ್ಥಾನ ತಪ್ಪಿದ ಸುರುಳಿಯು ಚಕ್ರವನ್ನು ಪೂರ್ತಿ ತಿರುಗಿಸಿದಾಗ ಹರಿದುಹೋಗುತ್ತದೆ. ಆಮೇಲೆ ಹಳೆಯ ಚರ್ಮವನ್ನು ಬಿಡಿಸಿ, ಅದನ್ನೇ ಅಚ್ಚಾಗಿ ಬಳಸಿ ಹೊಸ ಚರ್ಮದ ತುಂಡುಗಳನ್ನು ಕತ್ತರಿಸುತ್ತಾರೆ.

ಇಲ್ಲಿ ಲೆಕ್ಕಾಚಾರ ಮುಖ್ಯವಾಗುತ್ತದೆ. 370 ಮಿ.ಮೀ. ಹೊರವ್ಯಾಸ ಮತ್ತು 30 ಮಿ.ಮೀ. ದಪ್ಪ ಇರುವ ಬಳೆಯ ಹೊರಸುತ್ತಳತೆ ಸುಮಾರು 1162 ಮಿ.ಮೀ. ಆದರೆ ಒಳಸುತ್ತಳತೆ ಸುಮಾರು 974 ಮಿ.ಮೀ. ಮಾತ್ರ, ಒಂದೇ ಚರ್ಮದ ಪಟ್ಟಿ ಎರಡನ್ನೂ ಮುಚ್ಚಬೇಕಾದ್ದರಿಂದ ಅದು ಹೊರಬದಿಯಲ್ಲಿ ಹಿಗ್ಗಿ ಒಳಬದಿಯಲ್ಲಿ ಸುಮಾರು 19 ಸೆಂಟಿಮೀಟರಿನಷ್ಟು ವ್ಯತ್ಯಾಸವನ್ನು ಸರಿತೂಗಿಸಿಕೊಳ್ಳಬೇಕು. ಆದಕಾರಣ ತುಂಡುಗಳನ್ನು ಜೋಡಿಸಿ ಹೊಲಿದ ಚರ್ಮದ ಬಳೆಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ತಯಾರಿಸಿ, ಎಳೆದು ಬಿಗಿದು ತೊಡಿಸುತ್ತಾರೆ. ಒಳಬದಿಯ ಸುಕ್ಕುಗಳನ್ನು ಹದವಾದ ಬಿಸಿಗಾಳಿಯಿಂದ ಇಳಿಸುತ್ತಾರೆ. ಕಡ್ಡಿಗಳ ಬಳಿ ಚರ್ಮದ ಅಂಚನ್ನು ಫೋಮಿನಲ್ಲಿರುವ ಸಣ್ಣ ತೋಡಿನೊಳಗೆ ಗೋಂದು ಹಚ್ಚಿ ಒತ್ತಿ ಕೂರಿಸುವುದು ನುರಿತ ಕೈಯ ಪರೀಕ್ಷೆ. ಹೊದಿಕೆ ಮೊದಲು ಬಿಡುವುದು ಇಲ್ಲಿಯೇ.

ಹೊಲಿಗೆಯನ್ನು ಬಳೆಯ ಒಳಬದಿಯಲ್ಲಿ, ಬೆರಳಿಗೆ ಉಜ್ಜದಂತೆ ಹಾಕುತ್ತಾರೆ. 5 ಮಿ.ಮೀ. ಅಂತರದಲ್ಲಿ ತೂತು ಹಾಕಿದರೆ ಮೇಲೆ ಹೇಳಿದ ಬಳೆಗೆ ಕಡ್ಡಿಗಳ ಜಾಗವನ್ನು ಬಿಟ್ಟೂ ನೂರೈವತ್ತಕ್ಕೆ ಕಡಿಮೆಯಿಲ್ಲದ ಜೋಡಿ ತೂತುಗಳಾಗುತ್ತವೆ, ಅಷ್ಟನ್ನೂ ಕೈಯಿಂದಲೇ ಹೊಲಿಯಬೇಕಾಗುತ್ತದೆ. ದಾರ ಗುಣಾಕಾರ ಚಿಹ್ನೆಯಂತೆ ಅಡ್ಡಹಾಯುವ ಹೊಲಿಗೆ, ಬೇಸ್‌ಬಾಲ್ ಚೆಂಡಿನ ಮೇಲಿರುವಂತೆ ಕವಲು ಕವಲಾಗಿ ಸಾಗುವ ಹೊಲಿಗೆ, ಮತ್ತು ಅಂಚಿನ ಉದ್ದಕ್ಕೂ ಮೊದಲೇ ಹಾಕಿದ ಯಂತ್ರಹೊಲಿಗೆಯ ಎಳೆಗಳನ್ನು ಹೆಣೆಯುತ್ತ ಎರಡು ಅಂಚುಗಳನ್ನು ಕೂಡಿಸುವ ಯೂರೋ ಹೊಲಿಗೆ ಪ್ರಚಲಿತದಲ್ಲಿರುವ ಪ್ರಕಾರಗಳು. ಬಿಸಿಲಿನ ನೇರಳಾತೀತ ಕಿರಣಗಳನ್ನು ನೈಲಾನಿಗಿಂತ ಪಾಲಿಯೆಸ್ಟರ್ ದಾರ ಹೆಚ್ಚು ತಡೆಯುವುದರಿಂದ ಅದೇ ಮೇಲು. ರ‍್ಯಾಲಿ ಕಾರುಗಳಲ್ಲಿ ಗಾಲಿಗಳು ನೇರವಾಗಿವೆಯೇ ಎಂದು ಒಂದೇ ನೋಟಕ್ಕೆ ತಿಳಿಯಲು ಬಳೆಯ ನೆತ್ತಿಯಲ್ಲಿ ಬೇರೆ ಬಣ್ಣದ ಪಟ್ಟಿ ಇಡುತ್ತಿದ್ದ ಪದ್ಧತಿ ಇಂದು ಸಾಮಾನ್ಯ ಕಾರುಗಳಲ್ಲಿ ಅಲಂಕಾರವಾಗಿ ಉಳಿದಿದೆ.

ಹಳೆಯ ಹೊದಿಕೆಯ ಮೇಲೆಯೇ ಹೊಸದನ್ನು ಹಾಕಿದರೆ ಬಳೆ ದಪ್ಪವಾಗುತ್ತದೆ. 30 ಮಿ.ಮೀ. ದಪ್ಪದ ಬಳೆಗೆ 1.3 ಮಿ.ಮೀ. ಚರ್ಮ ಸೇರಿದರೆ ಮುಷ್ಟಿ ಸುತ್ತಬೇಕಾದ ಅಳತೆ ಸುಮಾರು 94ರಿಂದ 102 ಮಿ.ಮೀ.ಗೆ ಏರುತ್ತದೆ, ಚಿಕ್ಕ ಕೈಗಳ ಚಾಲಕರಿಗೆ ಈ 8 ಮಿಲಿಮೀಟರೇ ಆಯಾಸ ತರಬಲ್ಲುದು. ಚಾಲಕನ ಕೈ ಚಕ್ರದ ಮೇಲಿದೆಯೇ ಎಂದು ಸ್ಪರ್ಶದಿಂದ ಅರಿಯುವ ಸಂವೇದಕಗಳು ಅಥವಾ ಬಿಸಿ ಮಾಡುವ ತಂತಿಗಳು ಹೊದಿಕೆಯ ಕೆಳಗಿರುವ ಹೊಸ ಕಾರುಗಳಲ್ಲಿ ದಪ್ಪ ಹೆಚ್ಚಿದರೆ ಅವುಗಳ ಕೆಲಸವೂ ಕೆಡಬಹುದು.

ಮೂರನೆಯ ವಿಧಾನ, ಕಡ್ಡಿಗಳ ಮೇಲಿನ ಪ್ಲಾಸ್ಟಿಕ್ ಪಟ್ಟಿಗಳ ಮರುಲೇಪನ. ಪಟ್ಟಿಗಳನ್ನು ಕಳಚಿ, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹೊಡೆಯಬಹುದು. ಇಲ್ಲವೇ ಜಲವರ್ಗಾವಣೆ ಮುದ್ರಣದಿಂದ ಮರ ಅಥವಾ ಕಾರ್ಬನ್ನಿನ ವಿನ್ಯಾಸವನ್ನು ಮೂಡಿಸಬಹುದು. ಈ ಮುದ್ರಣದಲ್ಲಿ ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೊಹಾಲಿನ ತೆಳುಹಾಳೆಯನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ದ್ರಾವಕವನ್ನು ಸಿಂಪಡಿಸಿ, ಪಟ್ಟಿಯನ್ನು ನಿಧಾನವಾಗಿ ಮುಳುಗಿಸಿದಾಗ ಹಾಳೆಯ ಮೇಲಿನ ಮಸಿ ಅದರ ಎಲ್ಲ ಉಬ್ಬುತಗ್ಗುಗಳಿಗೂ ಅಂಟಿಕೊಳ್ಳುತ್ತದೆ.

ನಾಲ್ಕನೆಯದು ಇಡೀ ಚಕ್ರದ ಬದಲಾವಣೆ. ಬೇರೆ ತಯಾರಕರ ಚಕ್ರವನ್ನು ಕಾರಿನ ದಂಡಕ್ಕೆ ಕೂರಿಸಲು ಬಾಸ್ ಕಿಟ್ ಎಂಬ ಜೋಡಣೆಯ ತುಂಡು ಬೇಕು. ಆರು ಬೋಲ್ಟುಗಳ ಸುತ್ತಿನ ವ್ಯಾಸ ಮೋಮೋ ಚಕ್ರಗಳಲ್ಲಿ 70 ಮಿ.ಮೀ. ಆಗಿಯೂ ನಾರ್ಡಿ ಚಕ್ರಗಳಲ್ಲಿ 74 ಮಿ.ಮೀ. ಆಗಿಯೂ ಇರುವುದರಿಂದ ಒಂದರ ತುಂಡು ಇನ್ನೊಂದಕ್ಕೆ ಹೊಂದುವುದಿಲ್ಲ. ಚಕ್ರ ಕಿರಿದಾದಂತೆ ತಿರುಗಿಸಲು ಬೇಕಾದ ಬಲ ಹೆಚ್ಚುತ್ತದೆ: 380 ಮಿ.ಮೀ. ಬದಲು 350 ಮಿ.ಮೀ. ಚಕ್ರ ಹಾಕಿದರೆ ಅದೇ ತಿರುವಿಗೆ ಶೇ. 8ರಿಂದ 9ರಷ್ಟು ಹೆಚ್ಚು ಬಲ ಬೇಕು. ಏರ್‌ಬ್ಯಾಗ್ ಇಲ್ಲದ ಹಳೆಯ ಕಾರುಗಳಿಗೆ ಮತ್ತು ಸ್ಪರ್ಧಾಪಥದ ಕಾರುಗಳಿಗೆ ಮಾತ್ರ ಈ ಮಾರ್ಗ ತಕ್ಕುದು.

ಸುರಕ್ಷತೆ ಮತ್ತು ಕಾನೂನು

ಏರ್‌ಬ್ಯಾಗ್ ಅಪಘಾತವಾದ ಕ್ಷಣದಲ್ಲಿ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅವಧಿಯಲ್ಲಿ ಉಬ್ಬಿ ಹೊರಬರುತ್ತದೆ. ಅದರ ಮುಚ್ಚಳದ ಒಳಮೈಯಲ್ಲಿ ತೆಳುಗೊಳಿಸಿದ ಗೆರೆಯೊಂದಿದ್ದು, ಮುಚ್ಚಳವು ಆ ಗೆರೆಯಲ್ಲಿಯೇ ಸೀಳಿ ತೆರೆದುಕೊಳ್ಳುವಂತೆ ರೂಪಿತವಾಗಿರುತ್ತದೆ. ಮುಚ್ಚಳಕ್ಕೆ ಚರ್ಮ ಅಂಟಿಸುವುದು, ದಪ್ಪನೆಯ ಬಣ್ಣ ಬಳಿಯುವುದು, ಲೋಹದ ಲಾಂಛನ ಅಥವಾ ಹರಳಿನ ಬಿಲ್ಲೆ ಹಚ್ಚುವುದು ಈ ತೆರೆಯುವಿಕೆಯನ್ನು ತಡೆಯುತ್ತದೆ ಅಥವಾ ಅಂಟಿಸಿದ ವಸ್ತುವನ್ನೇ ಚಾಲಕನ ಮುಖಕ್ಕೆ ಎಸೆಯುತ್ತದೆ. ಚಕ್ರದ ನಡುವಿಗೆ ಅಂಟಿಸಿದ ಹರಳಿನ ಲಾಂಛನವು ಅಪಘಾತದಲ್ಲಿ ಸಿಡಿದು ಚಾಲಕರೊಬ್ಬರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಪ್ರಕರಣವನ್ನು ಉಲ್ಲೇಖಿಸಿ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಇಂಥ ಅಲಂಕಾರಗಳ ವಿರುದ್ಧ ಎಚ್ಚರಿಕೆ ನೀಡಿದೆ. ಚಾಲಕನ ಎದೆಗೂ ಏರ್‌ಬ್ಯಾಗ್ ಮುಚ್ಚಳಕ್ಕೂ ನಡುವೆ ಕನಿಷ್ಠ 25 ಸೆಂಟಿಮೀಟರು ಅಂತರವಿರಬೇಕೆಂಬುದೂ ಅದೇ ಸಂಸ್ಥೆಯ ಸಲಹೆ.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಚಕ್ರದ ಸಡಿಲ ತಿರುಗಾಟ 30 ಡಿಗ್ರಿಯನ್ನು ಮೀರುವಂತಿಲ್ಲ. ಬಳೆಯ ಹೊದಿಕೆಯನ್ನಷ್ಟೇ ಬದಲಿಸುವುದರಿಂದ ವಾಹನದ ಮೂಲ ವಿವರಗಳು ಮಾರ್ಪಡುವುದಿಲ್ಲ. ಏರ್‌ಬ್ಯಾಗ್ ತೆಗೆದು ಬೇರೆ ಚಕ್ರ ಕೂರಿಸುವುದಾದರೋ ಸುರಕ್ಷತೆಗೂ ಕಾನೂನಿಗೂ ವಿರುದ್ಧವಾದುದು.

ಭಾರತ ಮತ್ತು ಕರ್ನಾಟಕದಲ್ಲಿ

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ದೊಡ್ಡ ವ್ಯಾಸದ ತೆಳು ಬಳೆಗೆ ಬಣ್ಣದ ಪ್ಲಾಸ್ಟಿಕ್ ವೈರನ್ನು ಒತ್ತಾಗಿ ಸುತ್ತುವ ಪದ್ಧತಿ ಟ್ಯಾಕ್ಸಿ ಚಾಲಕರಲ್ಲಿ ಬಳಕೆಯಲ್ಲಿತ್ತು. ಬಳೆ ದಪ್ಪವಾಗಿ ಹಿಡಿತ ಸಿಗುವುದು, ಬೆವರಿದ ಕೈ ಜಾರದಿರುವುದು, ಬಣ್ಣಬಣ್ಣದ ಪಟ್ಟೆಗಳಿಂದ ಅಂದವಾಗುವುದು ಎಂಬ ಮೂರು ಪ್ರಯೋಜನಗಳನ್ನು ಒಂದೇ ಅಗ್ಗದ ವಸ್ತುವಿನಿಂದ ಪಡೆದ ಈ ಹೆಣಿಗೆಯನ್ನು ದೇಶೀಯ ಮರುರೂಪಣೆಯ ಮೊದಲ ಪಾಠವೆಂದು ಗಣಿಸಬಹುದು. ಲಾರಿಗಳಲ್ಲಿ ಅದು ಇಂದಿಗೂ ಉಳಿದಿದೆ. ಬೆಂಗಳೂರಿನ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗ ಮತ್ತು ಅಲಂಕಾರ ಸಾಮಗ್ರಿಗಳಿಗೆ ಹೆಸರಾದ ಮಾರುಕಟ್ಟೆಯಾಗಿದ್ದು, ಸೀಟ್ ಕವರ್ ಮತ್ತು ಸ್ಟೀರಿಂಗ್ ಕವರುಗಳನ್ನು ಅಲ್ಲಿ ಒಂದೇ ಅಂಗಡಿಯಲ್ಲಿ ಹೊಂದಿಸಿ ಕೊಳ್ಳಬಹುದು.

ಕಲಬುರಗಿ, ರಾಯಚೂರುಗಳ ಕಡುಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಕಪ್ಪು ಚರ್ಮದ ಬಳೆ ಮುಟ್ಟಲಾಗದಷ್ಟು ಕಾಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದೆ ನಿಂತ ಕಾರಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಬಯಲುಸೀಮೆಯಲ್ಲಿ ನಡುಬಣ್ಣದ ಚರ್ಮ ಮತ್ತು ಬಿಸಿಲುತಡೆ ಪರದೆಯನ್ನೂ, ಕರಾವಳಿಯಲ್ಲಿ ರಂಧ್ರವುಳ್ಳ ಚರ್ಮ ಮತ್ತು ಆಗಾಗ ಒಣಗಿಸುವ ಕ್ರಮವನ್ನೂ ಅನುಸರಿಸುವುದು ಒಳ್ಳೆಯದು. ಆಯುಧಪೂಜೆಯಂದು ಚಕ್ರಕ್ಕೆ ಅರಿಶಿನ, ಕುಂಕುಮ, ಗಂಧ ಹಚ್ಚಿ ಹೂವಿನ ಹಾರ ಹಾಕುವ ಆಚರಣೆಯಲ್ಲಿ ಅರಿಶಿನದ ಬಣ್ಣ ತಿಳಿಬಣ್ಣದ ಚರ್ಮಕ್ಕೆ ಹಿಡಿದರೆ ಬಿಡುವುದು ಕಷ್ಟ. ಬೊಟ್ಟನ್ನು ಕಡ್ಡಿಯ ಪ್ಲಾಸ್ಟಿಕ್ ಪಟ್ಟಿಗೆ ಇಟ್ಟರೆ ಪೂಜೆಯೂ ಸಲ್ಲುತ್ತದೆ, ಚರ್ಮವೂ ಉಳಿಯುತ್ತದೆ. ಕಾರನ್ನು ಓಡಿಸುವ ಮುನ್ನ ಹಾರವನ್ನು ತೆಗೆಯುವುದು ಅಗತ್ಯ.

ಪಾಲನೆ

ಚರ್ಮದ ಹೊದಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ವರ್ಷಕ್ಕೆ ಕೆಲವು ಬಾರಿ ಚರ್ಮಕ್ಕೆಂದೇ ಇರುವ ಮಂಕು ಲೇಪವನ್ನು ಹಚ್ಚಿದರೆ ಸಾಕು. ಹೊಳಪಿಗೆಂದು ಸಿಲಿಕೋನ್ ದ್ರವ ಅಥವಾ ಎಣ್ಣೆ ಬಳಿದರೆ ಬಳೆ ಜಾರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿನ ಆಲ್ಕೊಹಾಲು ಚರ್ಮದ ಬಣ್ಣದ ಪದರವನ್ನು ಸವೆಸುವುದರಿಂದ ಕೈ ಒಣಗಿದ ಮೇಲೆಯೇ ಚಕ್ರ ಹಿಡಿಯಬೇಕು. ಹಳೆಯ ಪ್ಲಾಸ್ಟಿಕ್ ಚಕ್ರಗಳಲ್ಲಿ, ಲೋಹದ ಒಳತಂತಿಯ ಸುತ್ತ ಪ್ಲಾಸ್ಟಿಕ್ ಕುಗ್ಗಿ ಬಿರಿದ ಜಾಗವನ್ನು ಇಪಾಕ್ಸಿ ಮೆತ್ತೆಯಿಂದ ತುಂಬಿ, ಉಜ್ಜಿ, ಮೂಲ ಬಣ್ಣವನ್ನು ಹೊಡೆದು ಜೀರ್ಣೋದ್ಧಾರ ಮಾಡುವುದು ಬದಲಿ ಚಕ್ರ ಹಾಕುವುದಕ್ಕಿಂತ ಹೆಚ್ಚು ಬೆಲೆಯುಳ್ಳ ಕೆಲಸ.

ಒಟ್ಟಿನಲ್ಲಿ ಸ್ಟೀರಿಂಗ್ ಚಕ್ರದ ಮರುರೂಪಣೆಗೆ ಒಂದು ಸ್ಪಷ್ಟವಾದ ಗಡಿಯಿದೆ. ಹೊರಬಳೆ ಮತ್ತು ಕಡ್ಡಿಗಳ ಪಟ್ಟಿ ಅಲಂಕಾರಕ್ಕೆ ಸಲ್ಲುವ ಭಾಗಗಳು. ಏರ್‌ಬ್ಯಾಗ್ ಇರುವ ನಡುಭಾಗ ಚಾಲಕನ ಪ್ರಾಣಕ್ಕೆ ಸಲ್ಲುವ ಭಾಗ. ಈ ಗಡಿಯನ್ನು ದಾಟದೆ, ಸೀಟಿನ ದಾರದ ಬಣ್ಣವನ್ನು ಚಕ್ರದ ಹೊಲಿಗೆಗೆ ತಂದ ಒಂದು ಬಿಗಿಯಾದ ಚರ್ಮದ ಹೊದಿಕೆಯು ಯಾವ ಆಡಂಬರದ ಬದಲಿ ಚಕ್ರಕ್ಕಿಂತಲೂ ಒಳಾಂಗಣಕ್ಕೆ ಹೆಚ್ಚು ಒಪ್ಪುತ್ತದೆ, ಹೆಚ್ಚು ಕಾಲ ಬಾಳುತ್ತದೆ.